ಉಂಗುರದ ಬೆರಳು

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಹಿಂದೆ
ಪಂಕ್ಚರ್ ಅಂಗಡಿಗೂ ಝೆರಾಕ್ಸಿಗೂ ನಡುವೆ
ಒಂದು ಸ್ಟೂಲು, ಹೆಬ್ಬೆಟ್ಟಿನ ಮಿಷನ್ನು, ನಾನು.
ಬ್ಯಾಂಕು ಅಂದರೆ ಇಷ್ಟೇ ಈ ಬೀದಿಗೆ.
ಸರ್ಕಾರ ಅಂದರೂ.

"ಬಂತಾ, ಮುನಿಲಕ್ಷ್ಮೀ?"
ಬಂದಿದ್ದರೆ ನಾನು ಒಳ್ಳೆಯವಳು,
ಬಾರದಿದ್ದರೆ ನುಂಗಿದವಳು.

ಕೊಟ್ಟ ಕೈ ಮರೀಬಾರದು ಅಂತಾಳೆ ಗಂಗರತ್ನ.
ಯಾರ ಕೈಯೇ? ಎಣ್ಣೆ ಪ್ಯಾಕೆಟ್ಟಿಗೆ ಎಷ್ಟು ತೆತ್ತೆ ಹೇಳು
ಅಂತಾಳೆ ಅವಳ ನಾದಿನಿ.
ಹಣ ಬಾರದ ತಿಂಗಳು ಮುದುಕಿ ಪಿಳ್ಳಮ್ಮನಿಗೆ ಸಮಾಧಾನ:
"ಈಗ ಗುರುತು ಸಿಕ್ತು ನೋಡು, ಇವರು ಅವರೇ."

ಖುರ್ಷಿದಾಗೆ ಹೆಬ್ಬೆಟ್ಟು ಇಲ್ಲ.
ಇದೆ, ಗೆರೆ ಇಲ್ಲ.
ಮೂವತ್ತೊಂದು ವರ್ಷ ಬಿಸಿನೀರಿನ ಬಾಣಲೆಯಲ್ಲಿ
ಎಳೆಯ ತುದಿ ಹುಡುಕಿ ಹುಡುಕಿ
ರೇಷ್ಮೆಯ ಜೊತೆ ಅದೂ ಬಿಚ್ಚಿಕೊಂಡು ಹೋಯಿತು.
ಯಾರದೋ ಸೀರೆಯಲ್ಲಿರಬೇಕು.

ಮೂರು ಸಲ ಮಿಷನ್ನು ನೀನಲ್ಲ ಅಂದಿತು.
ತೋರುಬೆರಳೂ ಅಲ್ಲ.
"ಮಸಿ ಹಚ್ಚೋವಾಗ ಇದೇ ಬೆರಳು ಆಗಿತ್ತಲ್ಲ?"
ಕೊನೆಗೆ ಉಂಗುರದ ಬೆರಳಿಗೆ ಹಸಿರು ದೀಪ.

"ಎಷ್ಟು ಕೊಡಲಿ?"
"ಏನೂ ಬೇಡ. ಇದೆಯಾ, ಹೇಳು."
"ಎರಡು ಸಾವಿರ ಇದೆ."
ಹೋದಳು.

ಮುಂದಿನ ತಿಂಗಳೂ ಹಾಗೇ. ನಾಲ್ಕು ಸಾವಿರ.
ಮೂರನೆಯದು ಬರಲಿಲ್ಲ, ಅವಳು ಬಂದಳು.
"ಇದ್ದದ್ದು ಇದೆಯಾ?"

ಐದನೇ ಸಲ ತಡೆಯಲಾರದೆ ಕೇಳಿದೆ,
ಮನೇಲಿ ಅಷ್ಟು ಅನುಕೂಲವಾ ಅಕ್ಕಾ?
ನಕ್ಕಳು. ಬಟ್ಟೆಯಿಂದ ಬೆಂದ ಹುಳುವಿನ ವಾಸನೆ.
"ಬಿಟ್ಟು ನೋಡ್ತಿದೀನಿ.
ಕೊಟ್ಟೋರು ವಾಪಸ್ ತಗೋತಾರಾ ಅಂತ.
ಓಟು ಮುಗೀಲಿ."

ಓಟು ಮುಗಿಯಿತು.
ಎಣಿಕೆಯ ಮಾರನೇ ದಿನ ಬಂದು
ನೂರು ರೂಪಾಯಿ ತೆಗೆಸಿದಳು. ನೂರೇ.
ಗೂಡು ಕೊಳ್ಳುವಾಗ ಅಲ್ಲಾಡಿಸಿ ಕಿವಿಗಿಡುತ್ತಾರಲ್ಲ,
ಹಾಗೆ ಹಿಡಿದಳು ನೋಟನ್ನು, ಒಳಗೆ ಏನಾದರೂ
ಸದ್ದು ಮಾಡೀತು ಎಂಬಂತೆ.

ಆವತ್ತೇ ನನ್ನ ಬಾಯಿ ಜಾರಿತು.
ಪಡಿತರ ಚೀಟಿಯಲ್ಲಿ ನಾನು ಮುನಿಲಕ್ಷ್ಮಮ್ಮ,
ಆಧಾರಿನಲ್ಲಿ ಮುನಿಲಕ್ಷ್ಮಿ.
ಹದಿನಾಲ್ಕು ತಿಂಗಳಿಂದ ಆ ಇಬ್ಬರು ಹೆಂಗಸರು
ತಾಲ್ಲೂಕು ಆಫೀಸಿನ ಯಾವುದೋ ಫೈಲಿನಲ್ಲಿ
ಒಬ್ಬರನ್ನೊಬ್ಬರು ಕಾಯುತ್ತಿದ್ದಾರೆ.
ಊರಿಗೆಲ್ಲ ಬರುತ್ತೆ ಬರುತ್ತೆ ಅನ್ನುವ ನನಗೆ
ಒಂದು ರೂಪಾಯಿ ಬಂದಿಲ್ಲ.

ಖುರ್ಷಿದಾ ಬರುತ್ತೆ ಅನ್ನಲಿಲ್ಲ.
ದುಪಟ್ಟಾದ ತುದಿಗೆ ನೂರನ್ನು ಗಂಟು ಹಾಕಿಕೊಂಡು
"ತಿಂಗಳಿಗೊಂದು ಸಲ ಹೋಗಿ ಎದುರಿಗೆ ನಿಂತ್ಕೋ" ಅಂದಳು,
"ಮುಖ ಮರೆಯೋಕೆ ಬಿಡಬೇಡ."

ಮಂಗಳವಾರ ಹೋಗಬಹುದು, ಸಾಹೇಬರು ಸಿಗುತ್ತಾರಂತೆ.
ಆದರೆ ಮಂಗಳವಾರ ಇಲ್ಲಿ ಸಾಲು ದೊಡ್ಡದು.
ಈ ಸ್ಟೂಲನ್ನು ಯಾರನ್ನು ನಂಬಿ
ಬಿಟ್ಟು ಹೋಗಲಿ?