ತಲೆಯಾಕಾರದ ತೂತು

ಕಾಟನ್‌ಪೇಟೆಯ ನಯಾಜ್ ಫ್ಲೆಕ್ಸ್ ಅಂಗಡಿಯಲ್ಲಿ
ಹದಿನೇಳು ವರ್ಷದಿಂದ ನನ್ನದು ತಲೆ ಕೂರಿಸುವ ಕೆಲಸ.
ಹುಲಿಯ ಮೈಗೆ ಸಂಘದ ಅಧ್ಯಕ್ಷರ ತಲೆ,
ರಾಜಪೋಷಾಕಿಗೆ ಮರಳು ಲಾರಿ ಮಾಲೀಕರ ತಲೆ,
ಕೆಳಗೆ ಸಾಲಾಗಿ, ಅವರೆಕಾಳಿನ ಗಾತ್ರ,
ಚಂದಾ ಕೊಟ್ಟವರ ಮುಖಗಳು.
ಕಡಿಮೆ ಕೊಟ್ಟವನ ಒಂದು ಕಿವಿ
ಪಕ್ಕದವನ ಹೆಗಲ ಹಿಂದೆ.
ನಿಷೇಧವಾದ ಮೇಲೆ ರೇಟು ಜಾಸ್ತಿ.

ಕತ್ತು ಸೇರುವ ಕಡೆ ಗೆರೆ ಕಾಣಬಾರದು.
ಇಷ್ಟೇ ವಿದ್ಯೆ. ಉಳಿದದ್ದು ಕೂಲಿ.

ರಾತ್ರಿ ಶಟರ್ ಇಳಿಸಿದ ಮೇಲೆ
ಬೇರೆ ಕತ್ತರಿ ತೆಗೆಯುತ್ತೇನೆ,
ಅಮ್ಮ ರವಿಕೆ ಹೊಲಿಯುತ್ತಿದ್ದ ಕಾಲದ್ದು.
ಹಳೇ ಪೇಪರು, ಮೈದಾ ಅಂಟು.
ಇಲ್ಲಿ ಗೆರೆ ಕಾಣಲೇಬೇಕು.
ಎರಡು ನಿಜಗಳನ್ನು ಪಕ್ಕಪಕ್ಕ ಕೂರಿಸಿ
ಸುಮ್ಮನಾಗಬೇಕು,
ಜಗಳ ಅವೇ ಆಡಿಕೊಳ್ಳುತ್ತವೆ.

ಹೋದ ಚುನಾವಣೆಗೆ ಮುಂಚೆ
ಬೈಲಪ್ಪಣ್ಣನ ನಗುಮುಖಕ್ಕೆ
ವರ್ತೂರು ಕೆರೆಯ ನೊರೆ ತಂದು ಪೇಟ ಸುತ್ತಿದೆ.
ಕೊರಳಿಗೆ ಟ್ಯಾಂಕರಿನ ಪೈಪು, ಹಾರದ ಹಾಗೆ.
ಕಾಲಡಿ ಮೈಸೂರು ರಸ್ತೆಯ ಗುಂಡಿ,
ಗುಂಡಿಯ ನೀರಲ್ಲಿ ಅವನದೇ ಮುಖ, ತಲೆಕೆಳಗು.
ಬೆಳಗಿನ ನಾಲ್ಕಕ್ಕೆ
ಬಿನ್ನಿ ಮಿಲ್ ಗೋಡೆಗೆ ಅಂಟಿಸಿ ಬಂದು ಮಲಗಿದೆ,
ಎದೆ ಮಾತ್ರ ಮಲಗಲಿಲ್ಲ.

ಹನ್ನೊಂದಕ್ಕೆ ಅವನ ಹುಡುಗರು ಬಂದರು, ಮೂರು ಬೈಕು.
ನಯಾಜ್ ಸಾಬರು ಟೀ ಲೋಟ ಕೆಳಗಿಟ್ಟರು.
ಒಬ್ಬ ಮೊಬೈಲು ಚಾಚಿದ: 'ಇದು ಯಾರ ಕೆಲಸ?'
ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ,
'ಅಣ್ಣಂಗೆ ಪೇಟ ಭಾರೀ ಹಿಡಿಸಿದೆ ಕಣಯ್ಯ.
ಇಪ್ಪತ್ತು ಬೈ ಮೂವತ್ತು, ನಲವತ್ತು ಪೀಸು.
ಗುಂಡಿ ಒಂದು ತೆಗೆದುಬಿಡು,
ಆ ಜಾಗಕ್ಕೆ ಕಾರಂಜಿ ಹಾಕು.'

ಹಾಕಿದೆ.
ನಲವತ್ತು ಕಡೆ ನೊರೆ ಮಿನುಗಿತು. ಅಣ್ಣ ಗೆದ್ದ.
ಅಡ್ವಾನ್ಸ್ ಬಿಟ್ಟು ಬಾಕಿ ಇನ್ನೂ ಬಂದಿಲ್ಲ.

ನಗಬೇಡಿ.
ಅಥವಾ ನಗಿ, ನನಗೂ ಬಂತು, ಮೂರು ದಿನ ಬಿಟ್ಟು,
ಅವನ ತಲೆ ಕತ್ತರಿಸಿ ತೆಗೆದಿದ್ದ ಪೇಪರು
ಮೇಜಿನ ಕೆಳಗೆ ಸಿಕ್ಕಾಗ.
ಸುತ್ತ ಕೈಮುಗಿದ ಜನ, ಬೊಕೆ, ಏಳೆಂಟು ಮೈಕು,
ನಡುವೆ ಬಿಳಿ ಅಂಗಿಯ ಮೇಲೆ
ತಲೆಯಾಕಾರದ ತೂತು.

ಕಿಟಕಿಗೆ ಹಿಡಿದೆ.
ಮೊದಲು ಕರೆಂಟು ಕಂಬ ಬಂತು,
ಆಮೇಲೆ ಹಾಲಿನ ವ್ಯಾನಿನ ಚಕ್ರ,
ಆಮೇಲೆ ನಮ್ಮ ಬೀದಿಯ ಓಬಳಮ್ಮ,
ಪೊರಕೆ ಗೋಡೆಗೆ ಒರಗಿಸಿ
ಸರಿಯಾಗಿ ಆ ಕಾಲರಿನ ಮೇಲೆ ಬಂದು ನಿಂತಳು,
ಬಾಯ್ತುಂಬ ಎಲೆಅಡಿಕೆ.

ಮೈಕುಗಳೆಲ್ಲ ಅವಳ ಬಾಯಿಗೆ.
ನಾನು ಉಸಿರು ಹಿಡಿದೆ,
ಪೇಪರು ಅಲುಗದ ಹಾಗೆ.