ಉಪ್ಪುನೀರಿನ ಬೆಳಕು

ನನ್ನ ಕೆಲಸ ಅಂದ್ರ ಒಂದು ಗಡಿಗಿ, ಎರಡು ತಗಡು.
ಗಡಿಗ್ಯಾಗ ನೀರು, ನೀರಾಗ ಹಿಡಿ ಉಪ್ಪು.
ತಗಡು ಇಳಿಸಿದರ ರಂಗದ ಮ್ಯಾಲೆ ಬೆಳಕು ಏರತಿತ್ತು,
ಎತ್ತಿದರ ಸಂಜಿ.
ಉಪ್ಪು ಹೆಚ್ಚಾದಷ್ಟೂ ಹಗಲು ಖರೆ.
ನಂಬೂದಿಲ್ಲ ನೀವು. ಬ್ಯಾಡ ಬಿಡ್ರಿ.
ಅಂಗೈ ನೋಡ್ರಿ, ಕರೆಂಟು ಕಚ್ಚಿದ ಕಲಿ ಇನ್ನೂ ಐತಿ.

ಗದಗಿನ ಹತ್ತಿ ಮಾರ್ಕೆಟ್ಟಿನ ಹಿಂದ ನಮ್ಮ ತಗಡಿನ ಥೇಟರು.
ಅರಳಿ ಹಾರಿ ಬಂದು ಫೋಕಸ್ಸಿನ್ಯಾಗ ತೇಲತಿತ್ತು.
ಕೈಲಾಸದ ಸೀನು ಅಂದ್ಕೊಂಡು
ಮಂದಿ ಒಮ್ಮೆ ಚಪ್ಪಾಳಿ ಹೊಡದ್ರು.

ಆಟ ಇಷ್ಟ:
ಚಂದ್ರವ್ವ ಗಾಣಿಗರ ಮಗಳು.
ಎಣ್ಣಿ ಹಿಂಡೂ ಮನಿ, ದೀಪದ ಎಣ್ಣಿಗೆ ಲೆಕ್ಕ.
ಮೂರು ಮಂದಿ ಅಣ್ಣಗಳು, ಒಂದು ಕೊಡಲಿ.
ಕಿಡಕ್ಯಾಗ ಪಣತಿ ಉರಿದರ
ಅಣ್ಣಗಳು ಮನ್ಯಾಗ ಅದಾರ, ಬರಬ್ಯಾಡ.
ಕತ್ತಲಿದ್ದರ ಬಾ.

ಬ್ಯಾರೆ ಆಟದಾಗ ಬೆಳಕು ದೇವರು, ಕತ್ತಲಿ ರಾಕ್ಷಸ.
ಇಲ್ಲಿ ತಿರುವು ಮುರುವು.
ಆಕಿ ನಸುಕಿಗೆ ಬಯ್ಯತಿದ್ದಳು:
“ಹಾಳ ಸೂರ್ಯಾ, ಒಂದಿನಾರ ತಡಾ ಮಾಡೋ,
ನಿನಗೂ ಯಾರದರ ಮನ್ಯಾಗ ಹಾಸಿಗಿ ಸಿಗಲಿ!”
ಆತ ಕತ್ತಲಿಗೆ ಕಂಬಳಿ ಅಂತಿದ್ದ,
ಹೊತಗೊಂಡು ಬರತಿದ್ದ.

ಮೂರನೇ ಅಂಕದಾಗ ಎಣ್ಣಿ ತೀರತೈತಿ.
ಯಾರೂ ಊದಂಗಿಲ್ಲ. ಗಾಳಿನೂ ಇಲ್ಲ.
ಗಾಣಿಗರ ಮನ್ಯಾಗ ಎಣ್ಣಿ ಇಲ್ಲದ
ದೀಪ ತಾನ ಆರತೈತಿ.
ಓಣ್ಯಾಗ ನಿಂತಾಂವ ಕತ್ತಲಿ ನೋಡತಾನ,
ನಗತಾನ, ಒಳಗ ಬರತಾನ.

ಆ ದೀಪ ಆರಿಸಾಂವ ನಾನು.
ಏಳು ಎಣಿಸಿ, ತಗಡನ್ನ ನೂಲಿನಷ್ಟ ನೂಲಿನಷ್ಟ ಎತ್ತಬೇಕು.
ತೊಂಬತ್ತು ಆಟ. ತೊಂಬತ್ತು ಸಲ ಕೊಂದೀನಿ.
ಕೊಡಲಿ ಹಿಡದಾವ್ರಿಗೆ ಸೀಟಿ ಬೀಳತಿದ್ದವು,
ನನಗ ಒಂದು ಕಪ್ಪು ಚಾ.

ಚಂದ್ರವ್ವನ ಪಾತ್ರಕ್ಕ ಅಂಬುಜಾಬಾಯಿ.
ಕಡೀ ಆಟದ ದಿನ ಗಡಿಗಿ ಹಂತ್ಯಾಕ ಬಂದು ನಿಂತಳು,
ಬಣ್ಣ ಅರ್ಧಾ ಬಳದಿದ್ದಳು,
ಒಂದು ಗಲ್ಲ ಆಕೀದು, ಒಂದು ಗಲ್ಲ ಚಂದ್ರವ್ವಂದು.
“ದಾವಲಾ, ಇವತ್ತ ಆರಸಬ್ಯಾಡ.”
ಚನಮಲ್ಲಯ್ಯಗ ಸವಣೂರಾಗ ಹೆಣ್ಣು ನಿಕ್ಕಿ ಆಗಿತ್ತು,
ಮುಂಜಾನಿ ಬಸ್ಸಿಗೆ ಹೊಂಟಿದ್ದ.
ಕಂಪನಿ ಮಂದಿಗೆಲ್ಲಾ ಗೊತ್ತಿತ್ತು.
ಯಾರೂ ಮಾತಾಡಿದ್ದಿಲ್ಲ.

ಏಳು ಎಣಿಸಿದೆ. ಎಂಟು. ಇಪ್ಪತ್ತು.
ತಗಡು ಎತ್ತಲಿಲ್ಲ.
ಪಣತಿ ಉರದ ಉರೀತು.
ಪೆಟಗಿ ಮಾಸ್ತರ್ರು ಒಂದ ಸ್ವರಕ್ಕ ಮೂರು ಸಲ ಬಂದ್ರು.
ಸೈಡಿನ್ಯಾಗ ಆತ, ಕಂಬಳಿ ಹೊತಗೊಂಡು,
ಬರಂಗಿಲ್ಲ, ಹೋಗಂಗಿಲ್ಲ.
ಆಕಿ ದೀಪದ ಮುಂದ ನಿಂತು ಬಿಟ್ಟಳು
ಹಿಂಗ ಮುಂಜಾನಿ ಮಟಾ ನಿಲ್ಲಾಕ ಬಂದಾಕಿಯಂಗ.
ನೆಲದ ಕ್ಲಾಸಿನಾವ್ರು ಕೂಗಿದ್ರು,
ಮಾಲಕರು ಪರದಿ ಹಿಂದಿಂದ ನನ್ನ ಅವ್ವನ್ನ ನೆನಸಿದ್ರು.

ಆಗ ಹೋತು ಕರೆಂಟು.
ಮುಳಗುಂದ ನಾಕಾದಿಂದ ಬೆಟಗೇರಿ ಮಟಾ
ಇಡೀ ಊರು ಒಂದ ಗಡಿಗ್ಯಾಗ ಅದ್ದಿ ತಗದಂಗ.
ನನ್ನ ಕೈ ತಗಡಿನ ಮ್ಯಾಲ ಇತ್ತು. ನಾ ಎತ್ತಲಿಲ್ಲ.
ಇದನ್ನ ಯಾರ ಮುಂದ ಹೇಳಲಿ?

ಹಲಗಿ ಮ್ಯಾಲೆ ಹೆಜ್ಜಿ ಸಪ್ಪಳ. ಬಂದ.
ಕೊಡಲಿ ಸಪ್ಪಳಿಲ್ಲ, ಮಾತಿಲ್ಲ.
ಬಳಿ ಒಮ್ಮೆ ಅಂದವು.
ಆಮ್ಯಾಲೆ ಖುರ್ಚಿ ಕ್ಲಾಸಿನಾಗ ಯಾರೋ ಕಡ್ಡಿ ಗೀರಿದ,
ಬಾಜೂಕಿನಾಂವ ಗೀರಿದ, ನೆಲದಾವ್ರು ಗೀರಿದ್ರು,
ಬೀಡಿ ಸೇದದಾವ್ರೂ ಗೀರಿದ್ರು.
ಆ ಸಣ್ಣ ಸಣ್ಣ ಬೆಳಕಿನ್ಯಾಗ
ಅಂಬುಜಾಬಾಯಿ ಒಬ್ಬಾಕಿ ಕುಂತಿದ್ದಳು,
ಉಡ್ಯಾಗ ಬರೇ ಕಂಬಳಿ.

ಹಿಂತಾ ಸಾವು ನೋಡೇ ಇಲ್ಲ ಅಂತ ಮಂದಿ ಅತ್ತರು.
ಮುಂದಿನ ಕ್ಯಾಂಪಿನಾಗೂ ಹಿಂಗ ಮಾಡೂಣು ಅಂದ್ರು ಮಾಲಕರು.

ಈಗ ಕಪ್ಪತಗುಡ್ಡದ ಮ್ಯಾಲೆ ಗಾಳಿ ಕಂಬ,
ರಾತ್ರಿ ತುದಿಗೊಂದು ಕೆಂಪು ದೀಪ.
ಹತ್ತತಾವ, ಆರತಾವ. ಬಾ ಅಂತಾವೋ ಬರಬ್ಯಾಡ ಅಂತಾವೋ
ತಿಳಿಯಂಗಿಲ್ಲ ನನಗ.
ಥೇಟರು ಕಿತ್ತಿದ ದಿನ ಗಡಿಗಿ ನೀರು ಅಲ್ಲೇ ಚೆಲ್ಲಿದ್ದೆ.
ಎರಡು ಮಳಿಗಾಲ
ಆ ಜಾಗಾದಾಗ ಹುಲ್ಲು ಹುಟ್ಟಲಿಲ್ಲ.