ಐದನೇ ಪಟ್ಟಿ

ಕಾಫಿ ಕಣದಲ್ಲಿ ಜೀಪು
ಬಿಚ್ಚಿಕೊಂಡು ಮಲಗಿ ಮೂರು ತಿಂಗಳಾಯ್ತು.
ನಟ್ಟುಗಳು ಉಪ್ಪಿನಕಾಯಿ ಭರಣಿಯಲ್ಲಿ;
ದೇಚವ್ವ ಬೈಯುವುದನ್ನೂ ಬಿಟ್ಟಿದ್ದಾಳೆ.

ತುಕ್ಕು ತಿಂದ ನೆಲಕ್ಕೆ
ಹಳೆಯ ಪಲ್ಪರಿನ ತಗಡು ಕತ್ತರಿಸಿ ಕೂರಿಸಿದೆ.
ಕ್ಲಚ್ಚಿನ ಕಾಲಡಿ ಇನ್ನೂ ಓದಬಹುದು
ತಲೆಕೆಳಗಾದ ಕಂಪನಿಯ ಅರ್ಧ ಹೆಸರು.

ಸಿದ್ದಾಪುರದ ಮೊಯ್ದು ಕಪ್ಪು ಕನ್ನಡಕ ಹಣೆಗೇರಿಸಿ
ಎಡಗಡೆಯ ಸ್ಪ್ರಿಂಗ್ ಪಟ್ಟಿ ಎಣಿಸಿದ: ನಾಲ್ಕು.
ಐದನೆಯದೆಲ್ಲಿ?

ಅಡುಗೆಮನೆಯಲ್ಲಿ ಟಕ್ ಟಕ್.
ಅಜ್ಜ ಅದನ್ನು ಕುಲುಮೆಗೆ ಕೊಟ್ಟು ಕತ್ತಿ ಮಾಡಿಸಿದ್ದ;
ಅಂದಿನಿಂದ ಕಣಿಲೆ ಹೆಚ್ಚುತ್ತಿದೆ ಅದು.

ಮೊಯ್ದು ನಕ್ಕ. ಲಾರಿಯದೊಂದು ಪಟ್ಟಿ ಕೊಯ್ದು,
ಕಾಯಿಸಿ, ಬಗ್ಗಿಸಿ, ತುರುಕಿದ.
ಆದರೂ ಜೀಪು ಎಡಕ್ಕೆ ಒಂದು ಬೆರಳು ವಾಲುತ್ತದೆ.

ಕೈಲ್‌ಪೊಳ್ದಿನ ಬೆಳಿಗ್ಗೆ
ಕೋವಿಗಳ ಪಕ್ಕ ಕತ್ತಿ ಇಡಲು ಹೋದ ದೇಚವ್ವ
ತಡೆದು ನಿಂತು, ಬಾನೆಟ್ಟಿನ ಮೇಲಿಟ್ಟಳು,
ಎಡಗಡೆಗೆ.